900 ಮಿ.ಮೀ. ಫೋಮ್ ತ್ರೀಡಿ ವಿಮಾನ: ಹಾಳೆ ಆರಿಸುವುದರಿಂದ ಹೋವರ್‌ವರೆಗೆ

#1 ಹಾಳೆಚಾಕು

ಹಾಳೆ ಕತ್ತರಿಸಿ ಮನೆಯಲ್ಲೇ ಕಟ್ಟುವ, ರಿಮೋಟ್‌ನಿಂದ ಹಾರಿಸುವ ಚಪ್ಪಟೆ ಫೋಮ್ ವಿಮಾನದ ಬಗ್ಗೆ ಪ್ರಶ್ನೆಗಳು ಅಲ್ಲೊಂದು ಇಲ್ಲೊಂದು ಚದುರಿವೆ. ಎಲ್ಲವೂ ಒಂದೆಡೆ ಇರಲಿ ಎಂದು ಈ ಎಳೆ. ತ್ರೀಡಿ ಎಂದರೆ ಬಹಳ ನಿಧಾನದಲ್ಲಿ ಮಾಡುವ ಕಸರತ್ತಿನ ಹಾರಾಟ, ಹೋವರ್ ಎಂದರೆ ಮೂಗು ನೇರ ಮೇಲೆ ಮಾಡಿ ಗಾಳಿಯಲ್ಲಿ ನಿಂತಲ್ಲೇ ನಿಲ್ಲುವುದು. ಚಪ್ಪಟೆ ಎಂದರೆ ಒಂದು ನಿಂತ ಹಾಳೆ, ಒಂದು ಮಲಗಿದ ಹಾಳೆ, ಎರಡೂ ಸೇರಿ ಅಧಿಕ ಚಿಹ್ನೆಯಂಥ ದೇಹ. ರೆಕ್ಕೆಗೂ ಏರ್‌ಫಾಯಿಲ್, ಅಂದರೆ ಉಬ್ಬಿದ ಆಕಾರ, ಇಲ್ಲ, ಬರೀ ಹಾಳೆ.

ಅಳತೆ: ರೆಕ್ಕೆಯ ಹರವು 900 ಮಿ.ಮೀ., ಬುಡದಲ್ಲಿ ಅಗಲ 270, ತುದಿಯಲ್ಲಿ 200. ತುದಿಗೆ ಹೋಗುವಷ್ಟರಲ್ಲಿ ಮುಂದಿನ ಅಂಚು 35 ಮಿ.ಮೀ. ಹಿಂದಕ್ಕೆ, ಹಿಂದಿನ ಅಂಚು 35 ಮಿ.ಮೀ. ಮುಂದಕ್ಕೆ ಬರುತ್ತದೆ. ವಿಸ್ತೀರ್ಣ ಸುಮಾರು 21 ಚದರ ಡೆಸಿಮೀಟರ್. ದೇಹದ ಉದ್ದವೂ 900ರ ಆಸುಪಾಸು. ಬಾಲದ ಅಡ್ಡರೆಕ್ಕೆ 360 × 130, ಅದರಲ್ಲಿ ಅರ್ಧ ಎಲಿವೇಟರ್ (ಮೂಗನ್ನು ಮೇಲೆ ಕೆಳಗೆ ಮಾಡುವ ಹಲಗೆ). ಏಲೆರಾನ್ (ವಿಮಾನವನ್ನು ಎಡಕ್ಕೆ ಬಲಕ್ಕೆ ಉರುಳಿಸುವ, ಅಂದರೆ ರೋಲ್ ಮಾಡಿಸುವ ಹಲಗೆ) ಬುಡದಿಂದ ತುದಿಯವರೆಗೂ, ರೆಕ್ಕೆಯ ಅಗಲದ ಸುಮಾರು ಮೂರನೇ ಒಂದು ಪಾಲು. ನಿಂತ ಬಾಲದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ರಡ್ಡರ್ (ಮೂಗನ್ನು ಎಡ ಬಲಕ್ಕೆ ತಿರುಗಿಸುವ ಹಲಗೆ) ಆಗಿರಬೇಕು. ಹೋವರ್‌ನಲ್ಲಿ ಕೆಲಸ ಮಾಡುವುದು ಅದೇ.

ತೂಕದ ಲೆಕ್ಕ, ಗ್ರಾಂಗಳಲ್ಲಿ:
ಫೋಮ್ 95, ಕಾರ್ಬನ್ 20, ಮೋಟಾರ್ ಮತ್ತು ಮೌಂಟ್ 60, ಪ್ರಾಪ್ (ಪ್ರೊಪೆಲರ್) 12, 30 ಆಂಪ್ ಇಎಸ್‌ಸಿ (ಮೋಟಾರಿನ ವೇಗ ನಿಯಂತ್ರಕ) 25, ಮೂರು ಸರ್ವೋ (ಹಲಗೆಗಳನ್ನು ಆಡಿಸುವ ಪುಟ್ಟ ಮೋಟಾರ್) 30, ರಿಸೀವರ್ 15, ಮೂರು ಸೆಲ್ 1000 ಎಂಎಎಚ್ ಬ್ಯಾಟರಿ 88, ಅಂಟು, ಟೇಪ್, ಪುಶ್‌ರಾಡ್ (ಸರ್ವೋದಿಂದ ಹಲಗೆಗೆ ಹೋಗುವ ಕಡ್ಡಿ), ಚಕ್ರ ಎಲ್ಲ ಸೇರಿ 28.

ಒಟ್ಟು 373. ಕೈತಪ್ಪಿ ಸ್ವಲ್ಪ ಏರಿದರೂ 400ರೊಳಗೆ ನಿಲ್ಲಬೇಕು. ಆಗ ಒಂದು ಚದರ ಡೆಸಿಮೀಟರಿಗೆ 19 ಗ್ರಾಂ ಭಾರ ಬೀಳುತ್ತದೆ. 500 ದಾಟಿದರೆ ವಿಮಾನ ಹಾರುತ್ತದೆ, ಆದರೆ ಮೂಗೆತ್ತಿಕೊಂಡು ನಡಿಗೆಯ ವೇಗದಲ್ಲಿ ತೇಲುವ ಗುಣ ಹೋಗುತ್ತದೆ. ತ್ರೀಡಿಯಲ್ಲಿ ಶಕ್ತಿಗಿಂತ ಹಗುರತನ ಮುಖ್ಯ. ದೊಡ್ಡ ಮೋಟಾರ್ ಹಾಕಿ ತೂಕದ ತಪ್ಪನ್ನು ಮುಚ್ಚಲು ಆಗುವುದಿಲ್ಲ.

#2 ಹೊಸಹಾರಾಟ_ತುಮಕೂರು

ಸರ್, ಫೋಮ್ ಯಾವುದು ತಗೊಳ್ಳಲಿ? ಸ್ಟೇಷನರಿ ಅಂಗಡಿಯಲ್ಲಿ 5 ಮಿ.ಮೀ. ಫೋಮ್ ಬೋರ್ಡ್ ಸಿಗುತ್ತೆ. ಡೆಪ್ರಾನ್ ನಮ್ಮೂರಲ್ಲಿ ಯಾರ ಹತ್ರನೂ ಇಲ್ಲ. ಸನ್‌ಬೋರ್ಡ್ ಆಗುತ್ತಾ?

#3 ಹಾಳೆಚಾಕು

ಸನ್‌ಬೋರ್ಡ್ ಬೇಡ. ಅದು ಪಿವಿಸಿ, ನಾಮಫಲಕಕ್ಕೆ ಸರಿ, ವಿಮಾನಕ್ಕೆ ಬಹಳ ಭಾರ.

ಹಾಳೆಯ ಹೆಸರು ಕೇಳಬೇಡಿ, ತೂಕ ನೋಡಿ. ಎ1 ಅಳತೆಯ ಹಾಳೆ ಹೆಚ್ಚುಕಮ್ಮಿ ಸರಿಯಾಗಿ ಅರ್ಧ ಚದರ ಮೀಟರ್. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ಬಂದದ್ದನ್ನು ಎರಡರಿಂದ ಗುಣಿಸಿದರೆ ಚದರ ಮೀಟರಿನ ತೂಕ. ಈ ವಿಮಾನಕ್ಕೆ ಬೇಕಾಗುವುದು ಸುಮಾರು 0.43 ಚದರ ಮೀಟರ್. 6 ಮಿ.ಮೀ. ಡೆಪ್ರಾನ್ ಚದರ ಮೀಟರಿಗೆ 220 ಗ್ರಾಂ ಆಸುಪಾಸು, ಅಲ್ಲಿಂದಲೇ ಮೇಲಿನ 95 ಬಂದದ್ದು. ಲೀಟರಿಗೆ 20 ಗ್ರಾಂ ಸಾಂದ್ರತೆಯ ಇಪಿಪಿ (ಪಾಲಿಪ್ರೊಪಿಲೀನ್ ಫೋಮ್) 5 ಮಿ.ಮೀ. ದಪ್ಪದಲ್ಲಿ ಚದರ ಮೀಟರಿಗೆ 100 ಗ್ರಾಂ ಮಾತ್ರ. ಆದರೆ ಅದು ಮೆತ್ತಗೆ, ಕಾರ್ಬನ್ ಹೆಚ್ಚು ಬೇಡುತ್ತದೆ.

ಕಾಗದ ಅಂಟಿಸಿದ ಫೋಮ್ ಬೋರ್ಡ್‌ನಲ್ಲಿ ಕಂಪನಿಯಿಂದ ಕಂಪನಿಗೆ ತೂಕ ಬಹಳ ಬೇರೆ. ಎ1 ಹಾಳೆ 125 ಗ್ರಾಂ ಒಳಗಿದ್ದರೆ ಹಾಗೇ ಬಳಸಿ. 150–170 ಇದ್ದರೆ ಕಾಗದ ಸುಲಿಯಬೇಕು. 200 ದಾಟಿದರೆ ಅಂಗಡಿಯಲ್ಲೇ ಬಿಟ್ಟು ಬನ್ನಿ.

ಸುಲಿಯುವಾಗ ಒದ್ದೆ ಬಟ್ಟೆಯಿಂದ ಸವರಿ ಹತ್ತು ನಿಮಿಷ ಬಿಡಿ. ಮೂಲೆಯಿಂದ ಎಳೆಯುವಾಗ ಕಾಗದವನ್ನು ಮೇಲಕ್ಕೆತ್ತದೆ, ಹಾಳೆಗೆ ಒತ್ತಿಕೊಂಡಂತೆ ಹಿಂದಕ್ಕೆ ಮಡಚಿ ಎಳೆಯಿರಿ. ಮೇಲಕ್ಕೆತ್ತಿದರೆ ಫೋಮ್ ಕಿತ್ತು ಬರುತ್ತದೆ. ಒಂದು ಕಡೆ ಮಾತ್ರ ಸುಲಿದ ಹಾಳೆ ಒಣಗುವಾಗ ಬಾಗುತ್ತದೆ, ಹಾಗಾಗಿ ರೆಕ್ಕೆಗೆ ಎರಡೂ ಕಡೆ ಸುಲಿದದ್ದೇ ವಾಸಿ. ದೇಹದ ನಿಂತ ಹಾಳೆಗೆ ಮೂಗಿನ ಭಾಗದಲ್ಲಿ ಕಾಗದ ಉಳಿಸಿಕೊಳ್ಳಿ, ಮೋಟಾರ್ ಹಿಡಿಯಲು ಗಟ್ಟಿತನ ಬೇಕು.

#4 ಕಾರ್ಬನ್‌ಕಡ್ಡಿ

ಕಾರ್ಬನ್ ಎಲ್ಲೆಲ್ಲಿ ಅನ್ನೋದನ್ನ ನಾನು ಸೇರಿಸ್ತೀನಿ. ರೆಕ್ಕೆಗೆ 3 × 1 ಮಿ.ಮೀ. ಪಟ್ಟಿ, 900 ಉದ್ದ. ಮೀಟರಿಗೆ 5 ಗ್ರಾಂಗಿಂತ ಸ್ವಲ್ಪ ಕಮ್ಮಿ ತೂಗುತ್ತೆ. ಅದನ್ನ ಮಲಗಿಸಿ ಅಂಟಿಸಬೇಡಿ. ಹಾಳೆಯಲ್ಲಿ 3 ಮಿ.ಮೀ. ಆಳದ ಸೀಳು ಮಾಡಿ ನಿಲ್ಲಿಸಿ ತೂರಿಸಿ. ಮೇಲೆ ಕೆಳಗೆ ಬಾಗೋದನ್ನ ತಡೆಯೋದು ಪಟ್ಟಿಯ ಎತ್ತರ, ಅಗಲ ಅಲ್ಲ. ಜಾಗ: ಮುಂದಿನ ಅಂಚಿನಿಂದ ಅಗಲದ ಮೂರನೇ ಒಂದು ಭಾಗದಷ್ಟು ಹಿಂದೆ. ಹೊಸ ಬ್ಲೇಡ್, ಸ್ಟೀಲ್ ಸ್ಕೇಲ್, ಒಂದೇ ಎಳೆತ. ಮೊಂಡು ಬ್ಲೇಡ್ ಫೋಮನ್ನ ಕತ್ತರಿಸಲ್ಲ, ಹರಿಯುತ್ತೆ.

ದೇಹದ ಎರಡೂ ಪಕ್ಕ ಇದೇ ಪಟ್ಟಿ 700 ಉದ್ದ. ಎಡ ಬಲ ಎಲಿವೇಟರ್ ಸೇರಿಸೋಕೆ 200 ಮಿ.ಮೀ. ತುಂಡು.

ಇಷ್ಟಕ್ಕೇ ನಿಲ್ಲಿಸಿದ್ರೆ ರೆಕ್ಕೆ ಬಾಗಲ್ಲ, ಆದ್ರೆ ತಿರುಚಿಕೊಳ್ಳುತ್ತೆ. ತುದಿ ಹಿಡಿದು ತಿರುಗಿಸಿ ನೋಡಿ, ಕೈಗೇ ಗೊತ್ತಾಗುತ್ತೆ. ವೇಗದಲ್ಲಿ ಏಲೆರಾನ್ ಕೆಳಗೆ ಹೋದಾಗ ರೆಕ್ಕೆಯೇ ಎದುರು ದಿಕ್ಕಿಗೆ ತಿರುಚಿಕೊಂಡು ರೋಲ್‌ನ ಅರ್ಧ ತಿಂದುಬಿಡುತ್ತೆ. ಅದಕ್ಕೇ 1.5 ಮಿ.ಮೀ. ಕಡ್ಡಿಗಳು. ದೇಹದ ತಳದಿಂದ ರೆಕ್ಕೆಯ 200 ಮಿ.ಮೀ. ಹೊರಗಿನ ಬಿಂದುವಿಗೆ, ಒಂದು ಪಟ್ಟಿಯ ಹತ್ತಿರ, ಇನ್ನೊಂದು ಏಲೆರಾನ್ ಹಿಂಜ್‌ನ ಹತ್ತಿರ, ಎರಡೂ ಪಕ್ಕ. ಮೇಲಿಂದ ನೋಡಿದ್ರೆ ಇಂಗ್ಲಿಷ್ ವಿ ಆಕಾರ. ಬಾಲಕ್ಕೂ ಹೀಗೇ ಒಂದೊಂದು. ಎಲ್ಲ ಸೇರಿ ಎರಡು ಮೀಟರ್ ಕಡ್ಡಿ, ಆರು ಗ್ರಾಂ ಕೂಡ ಇಲ್ಲ. ಈ ಆರು ಗ್ರಾಂ ಉಳಿಸೋಕೆ ಹೋಗಬೇಡಿ.

#5 ಧಾರವಾಡ_ಪ್ರಾಪ್

ಕಾರ್ಬನ್ ಸಿಗಲಿಲ್ಲಂದ್ರ ಕೈಕಟ್ಟಿ ಕೂಡೂದು ಬ್ಯಾಡ್ರಿ. ಕಟ್ಟಣಿಗೆ, ಅಂದ್ರ ರೆಕ್ಕಿ ತಿರುಚದಂಗ ಹಾಕೂ ಓರೆ ಕಡ್ಡಿಗೆ, ಬಿದಿರಿನ ಕಡ್ಡಿ ನಡೀತದ. ರೆಕ್ಕಿಯ ಉದ್ದ ಪಟ್ಟಿಗೆ ಮಾತ್ರ ನಡ್ಯಾಂಗಿಲ್ಲ, ಯಾಕಂದ್ರ ಬಿದಿರು ಒಂದೊಂದು ಕಡ್ಡಿ ಒಂದೊಂದು ಥರಾ ಬಾಗತದ. ಎಡರೆಕ್ಕಿ ಬಲರೆಕ್ಕಿ ಸಮ ಬರೂದಿಲ್ಲ. ಕಟ್ಟಣಿಗೂ ಕಡ್ಡಿ ತಗೊಂಡು ಒಂದು ತುದಿ ಮೇಜಿಗೆ ಒತ್ತಿ ಹಿಡದು, ಇನ್ನೊಂದು ತುದಿಗೆ ಎರಡು ನಾಣ್ಯ ತೂಗ ಹಾಕಿ ಎಷ್ಟು ಬಾಗತದ ನೋಡ್ರಿ. ಒಂದೇ ಸಮ ಬಾಗೂ ಜೋಡಿ ಆರಿಸಿ ಎಡಕ್ಕೊಂದು ಬಲಕ್ಕೊಂದು ಹಾಕ್ರಿ.

ಅಂಟಿನ ವಿಷಯ ಯಾರೂ ಬರದಿಲ್ಲ. ಥರ್ಮಾಕೋಲ್, ಡೆಪ್ರಾನ್, ಫೋಮ್ ಬೋರ್ಡ್ ಎಲ್ಲಾ ಪಾಲಿಸ್ಟೈರೀನ್. ಫೆವಿಕ್ವಿಕ್ ಬಿತ್ತಂದ್ರ ಕರಗಿ ತೂತು ಬೀಳತದ. ಚಪ್ಪಲಿಗೆ ಹಚ್ಚೂ ರಬ್ಬರ್ ಸಲ್ಯೂಷನ್ನೂ ಹಂಗ. ಫೋಮ್‌ಸೇಫ್ ಅಂತ ಬರದಿರೂ ಸಿಎ (ಫೆವಿಕ್ವಿಕ್ ಜಾತಿ ಅಂಟು) ಇಲ್ಲಾ ಐದು ನಿಮಿಷದ ಎಪಾಕ್ಸಿ ತಗೋರಿ. ಇಪಿಪಿ ಆದ್ರ ಸಾದಾ ಫೆವಿಕ್ವಿಕ್ ನಡೀತದ, ಅದು ಪಾಲಿಪ್ರೊಪಿಲೀನ್, ಕರಗೂದಿಲ್ಲ.

ಹಾಟ್ ಗ್ಲೂ ಬಗ್ಗೆ ಎರಡು ಮಾತು. ಒಂದು, ತೂಕ: ಗನ್ನಿನಿಂದ ಧಾರಾಳ ಬಿಟ್ರ ಒಂದು ಇಡೀ ಕಡ್ಡಿ, ಅಂದ್ರ ಹತ್ತು ಗ್ರಾಂ ಸುಮ್ನ ಹೋಗತದ. ಎರಡು, ಬಿಸಿಲು: ನಮ್ಮ ಕಡೆ ಏಪ್ರಿಲ್‌ನ್ಯಾಗ ಮುಚ್ಚಿದ ಕಾರಿನ್ಯಾಗ ವಿಮಾನ ಇಟ್ರ ಮೋಟಾರ್ ಮೌಂಟಿನ ಅಂಟು ಮೆತ್ತಗಾಗಿ ಮೋಟಾರ್ ವಾರಿ ಆಗತದ. ಮೂಗಿಗೆ ಎಪಾಕ್ಸಿನೇ ಹಚ್ರಿ.

#6 ಹಾಳೆಚಾಕು

ಒಳ್ಳೆಯ ಮಾತು. ಜೋಡಣೆಯ ಕ್ರಮವನ್ನೂ ಇಲ್ಲೇ ಬರೆಯುತ್ತೇನೆ. ಮೊದಲು ಎಲ್ಲ ಹಿಂಜ್ ಮುಗಿಸಿ. ದೇಹ ಕಟ್ಟಿದ ಮೇಲೆ ಹಿಂಜ್ ಮಾಡುವುದು ಕಷ್ಟ. ಕಂಟ್ರೋಲ್ ಹಲಗೆಯ ಮುಂದಿನ ಅಂಚನ್ನು 50 ಡಿಗ್ರಿಗಿಂತ ಸ್ವಲ್ಪ ಹೆಚ್ಚು ಓರೆಯಾಗಿ ಕತ್ತರಿಸಿ, ಓರೆ ಕೆಳಮುಖವಾಗಿರಲಿ. ಕತ್ತರಿಸಿದ ಪುಡಿ ಒರೆಸಿ, ಮೇಲೆ ಉದ್ದಕ್ಕೂ ಟೇಪ್. ಆಮೇಲೆ ಹಲಗೆಯನ್ನು ಪೂರ್ತಿ ಮೇಲಕ್ಕೆ ಮಡಚಿ, ಕಾಣುವ ಸಂದಿನಲ್ಲಿ ನಾಲ್ಕೈದು ಕಡೆ 20 ಮಿ.ಮೀ. ತುಂಡು ಟೇಪ್ ಒಳಗಿನಿಂದ. ಮೇಲಿನ ಟೇಪಿನ ಅಂಟಿಗೆ ಒಳಗಿನದು ಕಚ್ಚಿಕೊಳ್ಳುತ್ತದೆ. ಹಲಗೆ ಎರಡೂ ಕಡೆಗೆ 50 ಡಿಗ್ರಿ ತಡೆಯಿಲ್ಲದೆ ಹೋಗಬೇಕು. ಬಿಟ್ಟರೆ ತನ್ನ ಭಾರಕ್ಕೆ ತಾನೇ ಜೋತುಬೀಳಬೇಕು. ಜೋತುಬೀಳದಿದ್ದರೆ ಹಿಂಜ್ ಬಿಗಿ, ಸರ್ವೋ ದಿನವಿಡೀ ಅದರ ಜೊತೆ ಗುದ್ದಾಡುತ್ತದೆ.

ನಂತರ ರೆಕ್ಕೆ ಮತ್ತು ಮಲಗಿದ ದೇಹದ ಹಾಳೆಯನ್ನು ಗಾಜಿನ ಮೇಲಿಟ್ಟು ಒಂದೇ ತುಂಡಾಗಿ ಅಂಟಿಸಿ. ಹಳೆಯ ಟೀಪಾಯಿಯ ಗಾಜು ಸಾಕು. ಮರದ ಮೇಜು ಕಣ್ಣಿಗೆ ಸಮವಾಗಿ ಕಂಡರೂ ಎರಡು ಮೂರು ಮಿ.ಮೀ. ಬಾಗಿರುತ್ತದೆ. ಅದರ ಮೇಲೆ ನಿಂತ ಹಾಳೆಯ ಮೇಲರ್ಧ, ಮೂಲೆಮಟ್ಟ ಹಿಡಿದು 90 ಡಿಗ್ರಿ. ಒಣಗಿದ ಮೇಲೆ ತಿರುಗಿಸಿ ಕೆಳಗಿನರ್ಧ. ಕಟ್ಟುಕಡ್ಡಿಗಳು ಕೊನೆಗೆ, ಅವನ್ನು ಹಾಕುವ ಮುಂಚೆ ಹಿಂದೆ ನಿಂತು ಒಂದು ಕಣ್ಣು ಮುಚ್ಚಿ ರೆಕ್ಕೆ, ಬಾಲ ಒಂದೇ ಗೆರೆಯಲ್ಲಿದೆಯೇ ನೋಡಿ. ಕಡ್ಡಿ ಹಾಕಿದ ಮೇಲೆ ಸೊಟ್ಟ ಶಾಶ್ವತ.

#7 ಮೂರುಸೆಲ್

ಮೋಟಾರ್ ಯಾವುದು ಅಂತ ಬರೆದಿಲ್ಲ ಅಂತ ಕಾಣುತ್ತೆ. ಎಲ್ಲೆಡೆ ಸಿಗೋ ಎ2212 1000 ಕೆವಿ (ಒಂದು ವೋಲ್ಟಿಗೆ ಇಷ್ಟು ಆರ್‌ಪಿಎಂ ಅಂತ) ಸಾಕು, ತೂಕ 50 ಗ್ರಾಂ ಆಸುಪಾಸು. ಅದೇ ಮಾಲಿಕೆಯ 2200 ಕೆವಿ ತರಬೇಡಿ. ಅದು ಆರಿಂಚಿನ ಸಣ್ಣ ಪ್ರಾಪ್‌ಗೆ, ವೇಗದ ವಿಮಾನಕ್ಕೆ. ತ್ರೀಡಿಗೆ ದೊಡ್ಡ ಪ್ರಾಪ್, ಸಣ್ಣ ಪಿಚ್ (ಒಂದು ಸುತ್ತಿಗೆ ಮುಂದೆ ಹೋಗೋ ದೂರ). ದೊಡ್ಡ ಪ್ರಾಪ್‌ನ ಗಾಳಿ ರೆಕ್ಕೆ ಮತ್ತು ಬಾಲದ ಮೇಲೆ ಬೀಸುತ್ತೆ, ವಿಮಾನ ನಿಂತಲ್ಲೇ ನಿಂತಿದ್ರೂ ರಡ್ಡರ್ ಕೆಲಸ ಮಾಡೋದು ಆ ಗಾಳಿಯಿಂದಲೇ. 10 × 4.7 (ಇಂಚಲ್ಲಿ ವ್ಯಾಸ × ಪಿಚ್) ಸ್ಲೋ ಫ್ಲೈ ಪ್ರಾಪ್ ಹಾಕಿ.

#8 ಕಾರ್ಬನ್‌ಕಡ್ಡಿ

ಇಲ್ಲಿ ನನ್ನ ತಕರಾರಿದೆ ಮೂರುಸೆಲ್ ಅವರೇ. ಪ್ರಾಪ್ ಕಂಪನಿ ಎಪಿಸಿ ತನ್ನ ಸ್ಲೋ ಫ್ಲೈ ಪ್ರಾಪ್‌ಗೆ ಕೊಟ್ಟಿರೋ ಮಿತಿ: 65,000ವನ್ನ ಇಂಚಿನ ವ್ಯಾಸದಿಂದ ಭಾಗಿಸಿದಷ್ಟು ಆರ್‌ಪಿಎಂ. ಹತ್ತಿಂಚಿಗೆ 6,500. 1000 ಕೆವಿ ಮೋಟಾರ್ ಮೂರು ಸೆಲ್‌ನಲ್ಲಿ ಫುಲ್ ಥ್ರಾಟಲ್ ಕೊಟ್ರೆ ಅದನ್ನ ದಾಟುತ್ತೆ. ಬಹಳ ಜನ ಹಾರಿಸ್ತಾರೆ, ನಿಜ. ಆದ್ರೆ ಬ್ಲೇಡ್‌ನಲ್ಲಿ ಒಂದು ಸಣ್ಣ ಗಾಯ ಇದ್ರೂ ಅದು ಬುಡದಲ್ಲಿ ಬಿರಿದು ಹಾರುತ್ತೆ. ನನ್ನ ಸಲಹೆ 9 × 4.5 ಎಲೆಕ್ಟ್ರಿಕ್ ಮಾದರಿ. ಎಳೆತ ಸ್ವಲ್ಪ ಕಮ್ಮಿ, ಆದ್ರೆ 400 ಗ್ರಾಂ ವಿಮಾನಕ್ಕೆ ಧಾರಾಳ.

#9 ಮೂರುಸೆಲ್

ಒಪ್ಪಿದೆ. ಸ್ಲೋ ಫ್ಲೈ ಹಾಕಿದ್ರೆ ಟ್ರಾನ್ಸ್‌ಮಿಟರ್‌ನಲ್ಲಿ ಥ್ರಾಟಲ್‌ನ ಮೇಲಿನ ಮಿತಿ ಇಳಿಸಿಡಬೇಕು, ಅದನ್ನ ಬರೀಬೇಕಿತ್ತು. ಹೊಸಬರು 9 × 4.5ನಿಂದಲೇ ಶುರು ಮಾಡಿ.

ಎಳೆತ ಅಳೆಯೋಕೆ ಸುಲಭ ಉಪಾಯ: ಎರಡು ಮರದ ಪಟ್ಟಿ ಎಲ್ ಆಕಾರದಲ್ಲಿ ಜೋಡಿಸಿ, ಎರಡೂ ತೋಳು ಸಮ ಉದ್ದ. ಮೂಲೆಯಲ್ಲಿ ಒಂದು ಮೊಳೆ ತಿರುಗುಣಿ. ನಿಂತ ತೋಳಿನ ತುದಿಗೆ ಮೋಟಾರ್, ಮಲಗಿದ ತೋಳಿನ ತುದಿ ತಕ್ಕಡಿ ಮೇಲೆ ಒತ್ತುವಂತೆ. ತಕ್ಕಡಿ ಸೊನ್ನೆ ಮಾಡಿ ಥ್ರಾಟಲ್ ಕೊಟ್ರೆ ಬರೋ ಅಂಕಿಯೇ ಎಳೆತ. ವಿಮಾನದ ತೂಕದ ಒಂದೂವರೆ ಪಟ್ಟು ಬಂದ್ರೆ ಹೋವರ್ ಆಗುತ್ತೆ, ಎರಡು ಪಟ್ಟು ಹತ್ತಿರ ಬಂದ್ರೆ ಹೋವರ್‌ನಿಂದ ಜಿಗಿದು ಮೇಲಕ್ಕೆ ಹೋಗುತ್ತೆ. ಪರೀಕ್ಷೆ ಮಾಡುವಾಗ ಪ್ರಾಪ್ ತಿರುಗೋ ವೃತ್ತದ ಪಕ್ಕಕ್ಕೆ ನಿಲ್ಲಬೇಡಿ, ಹಿಂದೆ ನಿಲ್ಲಿ. ತುಂಡಾದ ಬ್ಲೇಡ್ ಹಾರೋದು ಪಕ್ಕಕ್ಕೇ.

ಮೌಂಟ್: 3 ಮಿ.ಮೀ. ಪ್ಲೈವುಡ್. ಬಲಕ್ಕೆ 2 ಡಿಗ್ರಿ ಓರೆ, ಕೆಳಕ್ಕೆ ಸೊನ್ನೆ ಅಥವಾ 1. ಮೋಟಾರ್ ಉಲ್ಟಾ ತಿರುಗಿದ್ರೆ ಮೂರು ತಂತಿಯಲ್ಲಿ ಯಾವುದಾದ್ರೂ ಎರಡು ಅದಲುಬದಲು. ಪ್ರಾಪ್ ಮೇಲಿನ ಅಕ್ಷರ ವಿಮಾನ ಹೋಗೋ ದಿಕ್ಕಿಗೆ ಮುಖ ಮಾಡಿರಬೇಕು. ಇದು ಉಲ್ಟಾ ಆದ್ರೂ ವಿಮಾನ ಮುಂದಕ್ಕೇ ಎಳೆಯುತ್ತೆ, ಆದ್ರೆ ಎಳೆತ ಬಹಳ ಕುಸಿಯುತ್ತೆ, ಕಾರಣ ಹುಡುಕ್ತಾ ದಿನ ಹೋಗುತ್ತೆ.

#10 ಹೊಸಹಾರಾಟ_ತುಮಕೂರು

ಅಣ್ಣಾ, ಸರ್ವೋ ಎಸ್‌ಜಿ90 ಮೂರಿದೆ. ಅದೇ ಸಾಕಾ, ಇಲ್ಲ ಮೆಟಲ್ ಗೇರ್ ಬೇಕಾ? ಹಾರ್ನ್ ಎಷ್ಟುದ್ದ?

#11 ರಡ್ಡರ್‌ಎಡಗೈ

ಬಲ ಸಾಕು. ಎಸ್‌ಜಿ90ಗೆ 4.8 ವೋಲ್ಟ್‌ನಲ್ಲಿ 1.8 ಕೆಜಿ ಸೆಂ.ಮೀ., ಈ ಗಾತ್ರಕ್ಕೆ ಕೊರತೆಯಿಲ್ಲ. ಕೊರತೆ ಇರುವುದು ನಿಖರತೆಯಲ್ಲಿ. ಟ್ರಾನ್ಸ್‌ಮಿಟರ್ ಸ್ಟಿಕ್ ಮಧ್ಯಕ್ಕೆ ಬಿಟ್ಟಾಗ ಪ್ರತಿ ಸಲ ಒಂದೇ ಜಾಗಕ್ಕೆ ಮರಳುವುದಿಲ್ಲ. ಏಲೆರಾನ್‌ಗೆ ಇದು ನಡೆಯುತ್ತದೆ, ಎಲಿವೇಟರ್‌ಗೆ ನಡೆಯುವುದಿಲ್ಲ: ವಿಮಾನ ಒಮ್ಮೆ ಏರುತ್ತದೆ, ಒಮ್ಮೆ ಇಳಿಯುತ್ತದೆ, ಟ್ರಿಮ್ ಕೂರುವುದೇ ಇಲ್ಲ. ಹಣ ಒಂದಕ್ಕೇ ಇದ್ದರೆ ಎಲಿವೇಟರ್‌ಗೆ ಎಂಜಿ90ಎಸ್ ಹಾಕಿ. ತೂಕ 13.4 ಗ್ರಾಂ, ಅದನ್ನು ರೆಕ್ಕೆಯ ಹತ್ತಿರವೇ ಇಡಿ.

ಹಾರ್ನ್ (ಪುಶ್‌ರಾಡ್ ಸಿಕ್ಕಿಸಲು ಹಲಗೆಗೆ ಅಂಟಿಸುವ ಕೊಂಬು) ಲೆಕ್ಕ ಹೀಗೆ. ಸರ್ವೋ ತೋಳು 20 ಮಿ.ಮೀ., ಎರಡೂ ಕಡೆಗೆ 45 ಡಿಗ್ರಿ ತಿರುಗಿದರೆ ಪುಶ್‌ರಾಡ್ 14 ಮಿ.ಮೀ. ಚಲಿಸುತ್ತದೆ. ಹಲಗೆಯ ಹಾರ್ನ್‌ನಲ್ಲಿ ತೂತು ಹಿಂಜ್‌ನಿಂದ 18 ಮಿ.ಮೀ. ದೂರವಿದ್ದರೆ ಹಲಗೆ ಸುಮಾರು 52 ಡಿಗ್ರಿ ತಿರುಗುತ್ತದೆ. ತ್ರೀಡಿಗೆ ಇಷ್ಟು ಬೇಕು. ಹಾರ್ನ್ ತೂತು ಹಿಂಜ್ ಗೆರೆಯ ನೇರ ಮೇಲೆ ಇರಬೇಕು. ಎರಡು ಮಿ.ಮೀ. ಹಿಂದೆ ಬಿದ್ದರೂ ಮೇಲಕ್ಕೆ 55, ಕೆಳಕ್ಕೆ 45 ಎನ್ನುವಂತೆ ಅಸಮ ಆಗುತ್ತದೆ; ತಲೆಕೆಳಗಾಗಿ ಹಾರಿಸುವಾಗ ಅದು ಕೈಗೆ ತಿಳಿಯುತ್ತದೆ.

ಎಲಿವೇಟರ್ ಪುಶ್‌ರಾಡ್ 1.5 ಮಿ.ಮೀ. ಕಾರ್ಬನ್, ಎರಡು ತುದಿಗೂ ಉಕ್ಕಿನ ತಂತಿಯ ಝಡ್ ಬೆಂಡ್, ಹೀಟ್‌ಶ್ರಿಂಕ್ ಸ್ಲೀವ್ ಮತ್ತು ಸಿಎಯಿಂದ ಬಂಧನ. ಪ್ರತಿ 80–100 ಮಿ.ಮೀ.ಗೆ ಒಂದು ಆಧಾರ. ಖಾಲಿ ಬಾಲ್‌ಪೆನ್ ರೀಫಿಲ್ ತುಂಡು ಮಾಡಿ, ಇಂಕ್ ತೊಳೆದು ಬಳಸಬಹುದು, ಸಲೀಸಾಗಿ ಜಾರುತ್ತದೆಯೇ ನೋಡಿಕೊಳ್ಳಿ. ಆಧಾರ ಇಲ್ಲದ ರಾಡ್ ಎಳೆಯುವಾಗ ಸರಿ, ತಳ್ಳುವಾಗ ಬಿಲ್ಲಿನಂತೆ ಬಾಗುತ್ತದೆ.

#12 ಕೆಂಪುನೆಲ_ಕೋಲಾರ

ಕಟ್ಟಿ ಮುಗಿದಿದೆ, ತೂಕ 410. ಫುಲ್ ಥ್ರಾಟಲ್‌ನಲ್ಲಿ ಕೆಳಮುಖ ಹೋದಾಗ ಬಾಲದಿಂದ ಬರ್‌ರ್ ಅಂತ ಶಬ್ದ ಬರುತ್ತೆ, ಥ್ರಾಟಲ್ ಇಳಿಸಿದ್ರೆ ನಿಲ್ಲುತ್ತೆ. ಪ್ರಾಪ್ ಬ್ಯಾಲೆನ್ಸ್ ಮಾಡಿದ್ದಾಯ್ತು, ಹೋಗಿಲ್ಲ.

#13 ರಡ್ಡರ್‌ಎಡಗೈ

ಅದು ಪ್ರಾಪ್ ಅಲ್ಲ, ಫ್ಲಟರ್, ಅಂದರೆ ಹಲಗೆ ವೇಗದ ಗಾಳಿಗೆ ಪಟಪಟ ಅದುರುವುದು. ಮತ್ತೆ ಹಾರಿಸುವ ಮುನ್ನ ಸರಿ ಮಾಡಿ, ಹಿಂಜ್ ಹರಿದರೆ ಎಲಿವೇಟರ್ ಇಲ್ಲದೆ ನೆಲಕ್ಕೆ ಬರುತ್ತದೆ. ಸರ್ವೋಗೆ ಕರೆಂಟ್ ಕೊಟ್ಟು, ಎಲಿವೇಟರಿನ ಹಿಂದಿನ ಅಂಚನ್ನು ಬೆರಳಲ್ಲಿ ಮೆಲ್ಲಗೆ ಮೇಲೆ ಕೆಳಗೆ ಆಡಿಸಿ. ಎಷ್ಟು ಪ್ಲೇ (ಸಡಿಲ) ಇದೆ ಅಳೆಯಿರಿ. 1 ಮಿ.ಮೀ. ಒಳಗಿದ್ದರೆ ಪರವಾಗಿಲ್ಲ, 2–3 ಇದ್ದರೆ ಕಾರಣ ಅದೇ. ಹುಡುಕುವ ಕ್ರಮ: ಹಾರ್ನ್ ತೂತು ತಂತಿಗಿಂತ ಅಗಲವೇ, ಸರ್ವೋ ತೋಳಿನ ತೂತು ಅಗಲವೇ, ಸರ್ವೋ ಫೋಮ್‌ನಲ್ಲಿ ಅಲುಗುತ್ತದೆಯೇ, ಪುಶ್‌ರಾಡ್ ಬಾಗುತ್ತದೆಯೇ, ಕೊನೆಗೆ ಸರ್ವೋದ ಗೇರ್. ತೂತು ಅಗಲವಾಗಿದ್ದರೆ ಒಂದು ಹನಿ ಸಿಎ ಬಿಟ್ಟು ಒಣಗಿಸಿ, ಸೂಜಿಯಿಂದ ಮತ್ತೆ ತೂತು ಮಾಡಿ.

ಹಾಗೇ ಎಡ ಎಲಿವೇಟರ್ ಹಿಡಿದು ಬಲದ್ದನ್ನು ತಿರುಚಿ ನೋಡಿ. ಎರಡನ್ನೂ ಸೇರಿಸುವ ಪಟ್ಟಿ ಸಣ್ಣದಾದರೆ ಹಾರ್ನ್ ಇರುವ ಪಕ್ಕ ನಿಲ್ಲುತ್ತದೆ, ಇನ್ನೊಂದು ಪಕ್ಕ ಅದುರುತ್ತದೆ.

#14 ಕೆಂಪುನೆಲ_ಕೋಲಾರ

ಪ್ಲೇ 3 ಮಿ.ಮೀ. ಇತ್ತು. ಅರ್ಧ ಹಾರ್ನ್ ತೂತಿನದು, ಇನ್ನರ್ಧ ಸೇರಿಸುವ ಪಟ್ಟಿಯದು, ಅದು 80 ಮಿ.ಮೀ. ಮಾತ್ರ ಇತ್ತು. 200 ಹಾಕಿದೆ, ಈಗ ಶಬ್ದ ಇಲ್ಲ. ಇನ್ನೊಂದು: ಒಂದೆರಡು ಸಲ ಬಿರುಸಾಗಿ ಕಂಟ್ರೋಲ್ ಆಡಿಸಿದಾಗ ಎಲ್ಲ ಸತ್ತಂತಾಗಿ ಒಂದು ಸೆಕೆಂಡ್ ಆದ್ಮೇಲೆ ಬರುತ್ತೆ. ಟ್ರಾನ್ಸ್‌ಮಿಟರ್ ಎಫ್ಎಸ್-ಐ6. ರೇಂಜ್ ಸಮಸ್ಯೆಯಾ?

#15 ಮೂರುಸೆಲ್

ಹತ್ತಿರದಲ್ಲೇ, ಕಂಟ್ರೋಲ್ ಆಡಿಸಿದಾಗ್ಲೇ ಆಗುತ್ತೆ ಅಂದ್ರೆ ರೇಂಜ್ ಅಲ್ಲ. ರಿಸೀವರ್‌ಗೆ ವೋಲ್ಟೇಜ್ ಕುಸೀತಿದೆ. ಅಗ್ಗದ 30 ಆಂಪ್ ಇಎಸ್‌ಸಿಗಳಲ್ಲಿ ಲೀನಿಯರ್ ಬಿಇಸಿ (ರಿಸೀವರ್, ಸರ್ವೋಗೆ ವೋಲ್ಟೇಜ್ ಇಳಿಸಿ ಕೊಡೋ ಭಾಗ) ಇರುತ್ತೆ, ಮೇಲೆ 5 ವೋಲ್ಟ್ 2 ಆಂಪ್ ಅಂತ ಬರೆದಿರುತ್ತೆ. ಬ್ಯಾಟರಿಯ 12 ವೋಲ್ಟನ್ನ 5ಕ್ಕೆ ಇಳಿಸೋವಾಗ ಉಳಿದ 7 ವೋಲ್ಟ್ ಪೂರ್ತಿ ಬಿಸಿಯಾಗಿ ಹೋಗುತ್ತೆ. ಸರ್ವೋಗಳು 1 ಆಂಪ್ ಎಳೆದ್ರೆ 7 ವ್ಯಾಟ್ ಶಾಖ, ಅದೂ ಹೀಟ್‌ಶ್ರಿಂಕ್ ಒಳಗೆ. ಒಂದೊಂದು ಮೈಕ್ರೋ ಸರ್ವೋ ತಡೆ ಸಿಕ್ಕಾಗ 0.7 ಆಂಪ್ ಹತ್ತಿರ ಎಳೆಯುತ್ತೆ. ಮೂರೂ ಒಟ್ಟಿಗೆ ಎಳೆದ್ರೆ 2 ಆಂಪ್ ಮುಗೀತು.

ಪರೀಕ್ಷೆ: ಪ್ರಾಪ್ ಬಿಚ್ಚಿ. ಐಎ6ಬಿ ರಿಸೀವರ್ ಆದ್ರೆ ಅದರ ವೋಲ್ಟೇಜ್ ಟ್ರಾನ್ಸ್‌ಮಿಟರ್ ಪರದೆಯಲ್ಲೇ ಕಾಣುತ್ತೆ. ಎರಡೂ ಸ್ಟಿಕ್ ಒಟ್ಟಿಗೆ ಮೂಲೆಯಿಂದ ಮೂಲೆಗೆ ಒಂದು ನಿಮಿಷ ಆಡಿಸ್ತಾ ನೋಡಿ. ಪರದೆ ನಿಧಾನ, ಸಣ್ಣ ಕುಸಿತ ತೋರಿಸಲ್ಲ. ಹಾಗಾಗಿ ಅಲ್ಲೇ 4.6 ಕಂಡ್ರೆ ನಿಜವಾದ ಕುಸಿತ ಇನ್ನೂ ಆಳ ಅಂತ ತಿಳ್ಕೊಳ್ಳಿ.

ಪರಿಹಾರ, ಒಳ್ಳೆಯದು ಮೊದಲು: 3 ಆಂಪ್‌ನ ಸ್ವಿಚಿಂಗ್ ಬಿಇಸಿ ಬೇರೆಯಾಗಿ ಹಾಕಿ, ಇಎಸ್‌ಸಿಯಿಂದ ಬರೋ ಕೆಂಪು ತಂತಿಯನ್ನ ಪ್ಲಗ್‌ನಿಂದ ತೆಗೆದು ಟೇಪ್ ಸುತ್ತಿ. ಎರಡೂ ಒಟ್ಟಿಗೆ ಸೇರಿಸಬಾರದು. ಅಲ್ಲೀವರೆಗೆ ರಿಸೀವರ್‌ನ ಖಾಲಿ ಚಾನಲ್‌ಗೆ 10 ವೋಲ್ಟ್ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಬಹುದು, ಕ್ಷಣಿಕ ಕುಸಿತಕ್ಕೆ ಅದು ಸಾಕು, ಬಿಸಿಗೆ ಸಾಲದು. ಧ್ರುವ ನೋಡಿ ಹಾಕಿ. ಮತ್ತೆ ಬಿಗಿ ಹಿಂಜ್, ತುಂಬಾ ದೂರ ಹೋಗಿ ಸರ್ವೋ ಗುಯ್ ಅನ್ನೋ ಲಿಂಕೇಜ್, ಇವೇ ಕರೆಂಟ್ ತಿನ್ನೋದು. ಅವನ್ನ ಸರಿಮಾಡಿದ್ರೆ ಅರ್ಧ ರೋಗ ಹೋಗುತ್ತೆ.

ಫೇಲ್‌ಸೇಫ್ ಕೂಡ ಇವತ್ತೇ ಇಡಿ: ಸಿಗ್ನಲ್ ಹೋದ್ರೆ ಥ್ರಾಟಲ್ ಸೊನ್ನೆ. ಪ್ರಾಪ್ ಇಲ್ಲದೆ ಮೋಟಾರ್ ಓಡಿಸಿ, ಟ್ರಾನ್ಸ್‌ಮಿಟರ್ ಆಫ್ ಮಾಡಿ, ಮೋಟಾರ್ ನಿಂತ್ರೆ ಸರಿ.

#16 ಹಾಳೆಚಾಕು

ಸಿಜಿ (ವಿಮಾನದ ತೂಕ ಸಮತೂಗುವ ಬಿಂದು) ಬಗ್ಗೆ ಖಾಸಗಿಯಾಗಿ ಮೂವರು ಕೇಳಿದ್ದೀರಿ. ಈ ರೆಕ್ಕೆಯ ಸರಾಸರಿ ಅಗಲ 237 ಮಿ.ಮೀ. ಆಕಾರದ ಓರೆಯನ್ನೂ ಲೆಕ್ಕ ಹಿಡಿದರೆ, ಅದರ ಶೇ. 30 ಎಂದರೆ ಬುಡದಲ್ಲಿ ಮುಂದಿನ ಅಂಚಿನಿಂದ 87–88 ಮಿ.ಮೀ. ಹಿಂದೆ. ಮೊದಲ ಹಾರಾಟ ಇಲ್ಲಿಂದ. ಕೈ ಕುದುರಿದ ಮೇಲೆ ಬ್ಯಾಟರಿ ಸ್ವಲ್ಪ ಸ್ವಲ್ಪ ಹಿಂದೆ ತಳ್ಳಿ 95ರವರೆಗೆ ಹೋಗಬಹುದು, ಅದು ಶೇ. 33.

ಬಾಲದ ತುದಿ ಸಿಜಿಯಿಂದ 550 ಮಿ.ಮೀ. ಹಿಂದಿದೆ, ಬ್ಯಾಟರಿ ಇರುವುದು 180 ಮಿ.ಮೀ. ಮುಂದೆ. ಬಾಲದಲ್ಲಿ ಒಂದು ಗ್ರಾಂ ಅಂಟು ಹೆಚ್ಚಾದರೆ ಮುಂದೆ ಮೂರು ಗ್ರಾಂ ಬೇಕು. ಬಾಲಕ್ಕೆ ಬಣ್ಣ ಹಚ್ಚುವವರು, ಸ್ಟಿಕ್ಕರ್ ಅಂಟಿಸುವವರು ಇದನ್ನು ನೆನಪಿಡಿ. ಗುರುತು ಬೇಕಿದ್ದರೆ ರೆಕ್ಕೆಯ ಕೆಳಗೆ ಗಾಢ ಬಣ್ಣದ ಅಗಲ ಪಟ್ಟಿ, ಮೇಲೆ ಬೇರೆ ಬಣ್ಣ. ಹೊಟ್ಟೆ ಯಾವುದು ಬೆನ್ನು ಯಾವುದು ಎಂಬ ಗೊಂದಲವೇ ಬಹಳ ವಿಮಾನಗಳನ್ನು ಕೆಡವುತ್ತದೆ.

#17 ಹೊಸಹಾರಾಟ_ತುಮಕೂರು

ಎಕ್ಸ್‌ಪೋ, ರೇಟ್ ಎಷ್ಟಿಡಲಿ? ಎಲ್ಲಿ ಹಾರಿಸಬಹುದು ಅಂತಾನೂ ಹೇಳಿ. ಪರ್ಮಿಷನ್ ಬೇಕಾ?

#18 ರಡ್ಡರ್‌ಎಡಗೈ

ರೇಟ್ ಎಂದರೆ ಪೂರ್ತಿ ಸ್ಟಿಕ್‌ಗೆ ಹಲಗೆ ಎಷ್ಟು ತಿರುಗಬೇಕು ಎಂಬುದು, ಎಕ್ಸ್‌ಪೋ ಎಂದರೆ ಸ್ಟಿಕ್‌ನ ನಡುಭಾಗವನ್ನು ಮೆತ್ತಗೆ ಮಾಡುವುದು. ಲೋ ರೇಟ್ 15–20 ಡಿಗ್ರಿ, ಎಕ್ಸ್‌ಪೋ ಶೇ. 30. ಹೈ ರೇಟ್ 45ಕ್ಕಿಂತ ಹೆಚ್ಚು, ಎಕ್ಸ್‌ಪೋ ಶೇ. 50–60. ಎಕ್ಸ್‌ಪೋ ಚಿಹ್ನೆ ಕಂಪನಿಯಿಂದ ಕಂಪನಿಗೆ ಉಲ್ಟಾ: ಕೆಲವದರಲ್ಲಿ ಮೈನಸ್ ಹಾಕಿದರೆ ಮೆತ್ತಗೆ, ಕೆಲವದರಲ್ಲಿ ಪ್ಲಸ್. ಪರದೆಯ ಗೆರೆ ನೋಡಿ, ನಡುವೆ ಚಪ್ಪಟೆಯಾಗಿ ತುದಿಗಳಲ್ಲಿ ಕಡಿದಾಗಿರಬೇಕು. ಉಲ್ಟಾ ಆದರೆ ಮೊದಲ ಹಾರಾಟದಲ್ಲೇ ವಿಮಾನ ಮುಗಿಯುತ್ತದೆ.

#19 ಬೆಳಗಿನಗಾಳಿ

ನಿಯಮದ ಬಗ್ಗೆ ನಾನು ಬರೆಯುತ್ತೇನೆ. 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂ ಮೇಲ್ಪಟ್ಟು 2 ಕೆಜಿವರೆಗಿನದು ಮೈಕ್ರೋ ವರ್ಗ. ಹವ್ಯಾಸಕ್ಕೆ ಹಾರಿಸುವ ಮೈಕ್ರೋಗೆ ಪೈಲಟ್ ಲೈಸೆನ್ಸ್ ಬೇಕಿಲ್ಲ. ನೋಂದಣಿಯ ವಿಷಯ ಬೇರೆ, ಅದನ್ನು ಸರ್ಕಾರಿ ಪೋರ್ಟಲ್‌ನಲ್ಲೇ ಓದಿಕೊಳ್ಳಿ. ಹಸಿರು ವಲಯದಲ್ಲಿ (ಸರ್ಕಾರದ ಡ್ರೋನ್ ನಕ್ಷೆಯಲ್ಲಿ ಹಸಿರು ತೋರಿಸಿದ ಕಡೆ) 400 ಅಡಿವರೆಗೆ ಅನುಮತಿ ಕೇಳಬೇಕಿಲ್ಲ. ಚಾಲ್ತಿಯಲ್ಲಿರುವ ವಿಮಾನ ನಿಲ್ದಾಣದ ಗಡಿಯಿಂದ 8–12 ಕಿ.ಮೀ. ನಡುವೆ ಹಸಿರು 200 ಅಡಿಗೇ ಮುಗಿಯುತ್ತದೆ. ಬೆಂಗಳೂರಿನಲ್ಲಿ ಎಚ್‌ಎಎಲ್, ಜಕ್ಕೂರು, ಯಲಹಂಕ, ಕೆಂಪೇಗೌಡ ನಿಲ್ದಾಣ ಇಷ್ಟೂ ಇರುವುದರಿಂದ ನಕ್ಷೆ ನೋಡದೆ ಖಾಲಿ ಸೈಟು ಕಂಡಿತೆಂದು ಹಾರಿಸಬೇಡಿ.

ಜಾಗಕ್ಕಿಂತ ಹೊತ್ತು ಮುಖ್ಯ. ಬಯಲುಸೀಮೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಳಿಗ್ಗೆ ಎಂಟರ ನಂತರ ಗಾಳಿ ಏಳುತ್ತದೆ. 400 ಗ್ರಾಂ ಹಾಳೆಗೆ ಆ ಗಾಳಿ ಜಾಸ್ತಿ. ಆರರಿಂದ ಎಂಟು ಸರಿಯಾದ ಹೊತ್ತು. ರಾಗಿ ಕೊಯ್ದ ಹೊಲ ಸಿಕ್ಕರೆ ಒಳ್ಳೆಯದು, ಹೊಲದವರನ್ನು ಕೇಳಿಕೊಂಡು ಇಳಿಯಿರಿ. ದನ ಮೇಯುವ ಕಡೆ ಬೇಡ, ಶಬ್ದಕ್ಕೆ ಬೆದರುತ್ತವೆ.

#20 ರಡ್ಡರ್‌ಎಡಗೈ

ಮೊದಲ ಹಾರಾಟದಲ್ಲಿ ತ್ರೀಡಿ ಬೇಡ. ಲೋ ರೇಟ್‌ನಲ್ಲಿ ನಾಲ್ಕು ಸುತ್ತು, ಟ್ರಿಮ್ ಮಾಡಿ ಇಳಿಸಿ. ಆಮೇಲೆ ಎರಡು ಪರೀಕ್ಷೆ.

ಒಂದು, ನೇರ ಮೇಲಕ್ಕೆ ಫುಲ್ ಥ್ರಾಟಲ್. ಎಡಕ್ಕೆ ಎಳೆದರೆ ಮೋಟಾರಿನ ಬಲ ಓರೆ ಒಂದು ಡಿಗ್ರಿ ಹೆಚ್ಚಿಸಿ. ಸ್ಕ್ರೂ ಕೆಳಗೆ ಒಂದು ವಾಷರ್ ಸಾಕು. ಎರಡು, 45 ಡಿಗ್ರಿ ಏರುತ್ತಾ ತಲೆಕೆಳಗಾಗಿಸಿ ಎಲಿವೇಟರ್ ಬಿಡಿ. ಬೇಗ ಮೂಗು ಬಗ್ಗಿದರೆ ಮೂಗು ಭಾರ, ಬ್ಯಾಟರಿ ಹಿಂದೆ. ಬಿಟ್ಟ ಗೆರೆಯಲ್ಲೇ ಹೋಗಿ ನಿಧಾನಕ್ಕೆ ಬಾಗಿದರೆ ಸರಿ. ಮೇಲಕ್ಕೇ ಎತ್ತಿಕೊಂಡರೆ ಬಾಲ ಭಾರ, ಬ್ಯಾಟರಿ ಮುಂದೆ.

ನೈಫ್ ಎಡ್ಜ್‌ನಲ್ಲಿ (ಒಂದು ರೆಕ್ಕೆ ನೇರ ಮೇಲೆ ಮಾಡಿ ಪಕ್ಕವಾಗಿ ಹಾರಿಸುವಾಗ) ರಡ್ಡರ್ ಕೊಟ್ಟಾಗ ಹೊಟ್ಟೆಯ ಕಡೆ ಎಳೆದರೆ ಟ್ರಾನ್ಸ್‌ಮಿಟರ್‌ನಲ್ಲಿ ರಡ್ಡರ್‌ನಿಂದ ಎಲಿವೇಟರ್‌ಗೆ ಮಿಕ್ಸ್ (ಒಂದರ ಜೊತೆ ಇನ್ನೊಂದು ತಾನೇ ಚಲಿಸುವ ಏರ್ಪಾಡು) ಹಾಕಿ, ಶೇ. 5ರಿಂದ ಶುರು. ಎಡ ಬಲಕ್ಕೆ ಬೇರೆ ಬೇರೆ ಅಂಕಿ ಬೇಕಾಗಬಹುದು.

ಹೋವರ್ ಕಲಿಯಲು ಎರಡು ತಪ್ಪು ಮಾಡಿದರೂ ಸಾವರಿಸಿಕೊಳ್ಳುವಷ್ಟು ಎತ್ತರ ಇರಲಿ. ಅರ್ಧ ಥ್ರಾಟಲ್‌ನಲ್ಲಿ ಬಂದು ಎಲಿವೇಟರ್‌ನಿಂದ ಮೂಗು ನೇರ ಮೇಲೆ. ಥ್ರಾಟಲ್ ಒಂದೇ ಕಡೆ ಹಿಡಿದಿಡಬೇಡಿ, ಸಣ್ಣ ಸಣ್ಣ ಚಿಮ್ಮು ಕೊಡುತ್ತಿರಿ. ಪ್ರತಿ ಚಿಮ್ಮಿಗೂ ಬಾಲದ ಮೇಲೆ ಗಾಳಿ ಬೀಸಿ ರಡ್ಡರ್ ಎಚ್ಚರಾಗುತ್ತದೆ. ಬೆನ್ನು ನಿಮ್ಮ ಕಡೆ ಇದ್ದಾಗ ಮೂಗು ಬಿದ್ದ ಕಡೆಗೆ ವಿರುದ್ಧ ರಡ್ಡರ್. ಹೊಟ್ಟೆ ನಿಮ್ಮ ಕಡೆ ಇದ್ದಾಗ ಬಿದ್ದ ಕಡೆಗೇ ಸ್ಟಿಕ್. ಮೊದಲು ಬೆನ್ನು ತೋರಿಸಿಕೊಂಡೇ ಕಲಿಯಿರಿ.

#21 ಕೆಂಪುನೆಲ_ಕೋಲಾರ

ಹೋವರ್‌ನಲ್ಲಿ ತಾನಾಗೇ ಎಡಕ್ಕೆ ಸುತ್ತುತ್ತೆ, ಪೂರ್ತಿ ಬಲ ಏಲೆರಾನ್ ಕೊಟ್ರೆ ಮಾತ್ರ ನಿಲ್ಲುತ್ತೆ. ಮತ್ತೆ ಹ್ಯಾರಿಯರ್‌ನಲ್ಲಿ (ಮೂಗೆತ್ತಿಕೊಂಡು ನಿಧಾನ ಹಾರುವಾಗ) ರೆಕ್ಕೆ ಎಡ ಬಲ ತೊಯ್ದಾಡುತ್ತೆ.

#22 ಕಾರ್ಬನ್‌ಕಡ್ಡಿ

ಸುತ್ತೋದು ದೋಷ ಅಲ್ಲ. ಪ್ರಾಪ್ ಬಲಕ್ಕೆ ತಿರುಗಿದ್ರೆ ದೇಹ ಎಡಕ್ಕೆ ತಿರುಗುತ್ತೆ. ಬಲ ಏಲೆರಾನ್ ಕೊಡ್ತಾನೇ ಇರಬೇಕು. ಪೂರ್ತಿ ಬೇಕಾಗ್ತಿದೆ ಅಂದ್ರೆ ಏಲೆರಾನ್‌ನ ಬುಡದ ಭಾಗ ಕಿರಿದಾಗಿರಬಹುದು, ಪ್ರಾಪ್ ಗಾಳಿ ಬೀಸೋದು ಅಲ್ಲೇ. ಬುಡದಲ್ಲಿ 80–85 ಮಿ.ಮೀ. ಇದೆಯಾ ಅಳೆದು ನೋಡಿ.

ತೊಯ್ದಾಟಕ್ಕೆ ಎರಡೂ ಏಲೆರಾನ್ 5–8 ಡಿಗ್ರಿ ಮೇಲಕ್ಕೆ ಬರೋ ಹಾಗೆ ಸ್ವಿಚ್‌ಗೆ ಮಿಕ್ಸ್ ಹಾಕಬಹುದು, ಆದ್ರೆ ಅದಕ್ಕೆ ಎರಡು ಏಲೆರಾನ್ ಸರ್ವೋ ಬೇಕು. ನಿಮ್ಮದು ನಡುವಿನ ಒಂದೇ ಸರ್ವೋ ಆದ್ರೆ ಪುಶ್‌ರಾಡ್ ಎರಡೂ ಅರ್ಧ ಸುತ್ತು ತಿರುಗಿಸಿ ಶಾಶ್ವತವಾಗಿ 2–3 ಡಿಗ್ರಿ ಮೇಲಿಡಿ. ಜೊತೆಗೆ ಬ್ಯಾಟರಿ 5 ಮಿ.ಮೀ. ಮುಂದೆ. ರೆಕ್ಕೆಯ ಮುಂದಿನ ಅಂಚನ್ನ ಮರಳು ಕಾಗದದಿಂದ ಚೂಪು ಮಾಡಿದ್ರೆ ತೊಯ್ದಾಟ ಹೆಚ್ಚುತ್ತೆ. ಮೊಂಡಾಗೇ ಬಿಡಿ.

#23 ಮೂರುಸೆಲ್

ಕೊನೆಗೆ ಬ್ಯಾಟರಿ. ಟೈಮರ್ ಐದು ನಿಮಿಷಕ್ಕೆ ಇಟ್ಟು ಶುರು ಮಾಡಿ, ಇಳಿಸಿದ ಮೇಲೆ ಚಾರ್ಜರ್ ಎಷ್ಟು ಎಂಎಎಚ್ ತುಂಬ್ತು ನೋಡಿ. 1000ದ ಬ್ಯಾಟರಿಗೆ 800 ದಾಟಬಾರದು. 600 ತುಂಬಿದ್ರೆ ಟೈಮರ್ ಒಂದು ನಿಮಿಷ ಹೆಚ್ಚಿಸಬಹುದು. 1000 ಎಂಎಎಚ್‌ಗೆ ಚಾರ್ಜ್ 1 ಆಂಪ್, ಬ್ಯಾಲೆನ್ಸ್ ಮೋಡ್. ವಾರ ಹಾರಿಸಲ್ಲ ಅಂದ್ರೆ ಸೆಲ್‌ಗೆ 3.8 ವೋಲ್ಟ್‌ನಲ್ಲಿ ಇಡಿ. ಪೂರ್ತಿ ತುಂಬಿ ಇಟ್ರೆ ಊದಿಕೊಳ್ಳುತ್ತೆ. ಮೂಗು ನೆಲಕ್ಕೆ ಬಡಿದ ಬ್ಯಾಟರಿಯನ್ನ ಅರ್ಧ ಗಂಟೆ ಹೊರಗೆ ಕಲ್ಲಿನ ಮೇಲೆ ಇಟ್ಟು ನೋಡಿ, ಬಿಸಿ ಆಗ್ಲಿಲ್ಲ ಅಂದ ಮೇಲೇ ಕಾರಿಗೆ. ಮೂಲೆ ಜಜ್ಜಿದ್ರೆ ಮತ್ತೆ ಚಾರ್ಜ್‌ಗೆ ಹಾಕಬೇಡಿ.

#24 ಕೆಂಪುನೆಲ_ಕೋಲಾರ

ಏಲೆರಾನ್ ಬುಡ ಅಳೆದೆ, 60 ಮಿ.ಮೀ. ಇದೆ. ಹಿಂದಿನ ಅಂಚಿಗೆ 22 ಮಿ.ಮೀ. ಪಟ್ಟಿ ಅಂಟಿಸಿದ್ರೆ ಆಗುತ್ತಾ, ಇಲ್ಲ ಹೊಸ ಏಲೆರಾನ್ ಕತ್ತರಿಸಬೇಕಾ?

#25 ಕಾರ್ಬನ್‌ಕಡ್ಡಿ

ಹೊಸದು ಕತ್ತರಿಸಿ. ಅಂಟಿನ ಗೆರೆ ಹಿಂಜ್‌ನಿಂದ ದೂರ ಬಿದ್ದಷ್ಟೂ ಫ್ಲಟರ್‌ಗೆ ದಾರಿ. ಎರಡು ಏಲೆರಾನ್ ಫೋಮ್ ತೂಕ ಹದಿನೈದು ಗ್ರಾಂ ದಾಟಲ್ಲ. ಹಳೇ ಟೇಪ್ ಕೀಳುವಾಗ ರೆಕ್ಕೆಯ ಕಡೆಗೆ ಒತ್ತಿಕೊಂಡೇ ಎಳೀರಿ, ಅಂಚು ಹಾಳಾಗಲ್ಲ.